ಚೌಕತಲೆಯ ಶಾಸನಾಕ್ಷರದಿಂದ ಜ್ಯಾಮಿತೀಯ ಫಾಂಟ್‌ವರೆಗೆ

ಜ್ಯಾಮಿತೀಯ ಫಾಂಟ್ ಎಂದರೆ ವೃತ್ತ, ಚೌಕ, ತ್ರಿಕೋನ, ಸರಳರೇಖೆ ಇಂಥ ಕೆಲವೇ ಆಕಾರಗಳನ್ನು ಮತ್ತೆ ಮತ್ತೆ ಬಳಸಿ ಕಟ್ಟಿದ ಅಕ್ಷರಮಾಲೆ. ಅದರಲ್ಲಿ ಗೆರೆಯ ದಪ್ಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಲೇಖನಿ ಒತ್ತಿದಲ್ಲಿ ದಪ್ಪ, ಎತ್ತಿದಲ್ಲಿ ತೆಳು ಎನ್ನುವ ಕೈಬರಹದ ಗುಣ ಅಲ್ಲಿ ಕಾಣುವುದಿಲ್ಲ. ಇಂಥ ಫಾಂಟನ್ನು ಪ್ರಾಯೋಗಿಕ ಎಂದು ಕರೆದರೆ, ಅದು ಕಾದಂಬರಿಯ ಒಳಪುಟಗಳಿಗಾಗಿ ಮಾಡಿದ್ದಲ್ಲ ಎಂದು ಅರ್ಥ. ಒಂದು ಅಕ್ಷರವನ್ನು ಅದರ ರೂಢಿಯ ರೂಪದಿಂದ ಎಷ್ಟು ದೂರ ಒಯ್ದರೂ ಓದುಗ ಅದನ್ನು ಗುರುತಿಸಬಲ್ಲ ಎಂದು ನೋಡುವುದು ಅದರ ಉದ್ದೇಶ. ಹಳೆಯ ಬರಹವನ್ನೇ ಮೂಲವಾಗಿಟ್ಟುಕೊಂಡು ಈ ಪ್ರಯೋಗಕ್ಕೆ ಇಳಿದರೆ ಕನ್ನಡದಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. ಬ್ರಹ್ಮಗಿರಿಯ ಬಂಡೆಯಿಂದ ಹಿಡಿದು ಮೂಡಲಗಿ ತಾಲ್ಲೂಕಿನ ಕಲ್ಲೋಳಿಯ ಬಸದಿ ಶಾಸನದವರೆಗೆ ಸುಮಾರು ಒಂದೂವರೆ ಸಾವಿರ ವರ್ಷಗಳ ಅಕ್ಷರಗಳು ಕಲ್ಲಿನ ಮೇಲೆ ಉಳಿದಿವೆ.

ಈ ಮಾರ್ಗ ಬೇರೆಡೆ ಹೊಸದೇನಲ್ಲ. ಜರ್ಮನಿಯ ಪಾಲ್ ರೆನ್ನರ್ ರೂಪಿಸಿ 1927ರಲ್ಲಿ ಹೊರಬಂದ ಫ್ಯೂಚುರಾ ಜ್ಯಾಮಿತೀಯ ಅಕ್ಷರಗಳಲ್ಲಿ ಅತ್ಯಂತ ಹೆಸರಾದದ್ದು. ಹೆಸರು ಭವಿಷ್ಯದ್ದಾದರೂ ಅದರ ದೊಡ್ಡಕ್ಷರಗಳ ಅಳತೆ ಪ್ರಾಚೀನ ರೋಮನ್ ಶಾಸನಗಳದ್ದು, ಕ್ರಿ.ಶ. 113ರ ಟ್ರೇಜನ್ ಸ್ತಂಭದ ಅಕ್ಷರಗಳಂತೆ ಅಲ್ಲಿಯೂ ಕೆಲವು ಅಕ್ಷರ ಅಗಲ, ಕೆಲವು ಕಿರಿದು. ರೆನ್ನರ್ ಮೊದಲು ಬರೆದ ಕೆಲವು ರೂಪಗಳು ಇನ್ನೂ ಕಟುವಾಗಿದ್ದವು. ಒಂದು ಕಂಬ, ಅದರ ಪಕ್ಕಕ್ಕೊಂದು ಚುಕ್ಕೆ, ಅಷ್ಟೇ ಒಂದು ಅಕ್ಷರ. ಮಾರುಕಟ್ಟೆಗೆ ಬರುವ ಹೊತ್ತಿಗೆ ಅಂಥವನ್ನು ಬಿಟ್ಟು ಓದಲು ಸುಲಭವಾದವನ್ನು ಉಳಿಸಿಕೊಳ್ಳಲಾಯಿತು. ನಲವತ್ತು ವರ್ಷಗಳ ನಂತರ, 1967ರಲ್ಲಿ, ಡಚ್ ವಿನ್ಯಾಸಕ ವಿಮ್ ಕ್ರೌವೆಲ್ ತಮ್ಮ ‘ನ್ಯೂ ಆಲ್ಫಾಬೆಟ್’ನಲ್ಲಿ ಬಾಗುಗೆರೆಗಳನ್ನೇ ಪೂರ್ತಿ ಕೈಬಿಟ್ಟರು. ಆ ಅಕ್ಷರಗಳನ್ನು ಓದುವುದು ಕಷ್ಟ. ದಿನಬಳಕೆಗೆಂದು ಅವರು ಅದನ್ನು ಮಾಡಿರಲೂ ಇಲ್ಲ. ಹಳೆಯ ಅಳತೆಯನ್ನು ಉಳಿಸಿಕೊಂಡು ಸರಳಗೊಳಿಸುವುದು ಒಂದು ತುದಿ, ನಿಯಮವೊಂದನ್ನು ಹಿಡಿದು ಕೊನೆಯವರೆಗೆ ಹೋಗುವುದು ಇನ್ನೊಂದು ತುದಿ. ಕನ್ನಡದಲ್ಲಿ ಕೆಲಸ ಮಾಡುವವರೂ ಈ ಎರಡರ ನಡುವೆ ಎಲ್ಲಾದರೂ ನಿಲ್ಲಬೇಕಾಗುತ್ತದೆ.

ಕನ್ನಡ ಅಕ್ಷರಗಳು ದುಂಡಗಿವೆ, ಜ್ಯಾಮಿತಿಗೆ ಒಗ್ಗುವುದಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ನಂಬಿಕೆಯಿಂದಲೇ ಅನೇಕರು ಇಂಗ್ಲಿಷಿನ ಜ್ಯಾಮಿತೀಯ ಫಾಂಟೊಂದನ್ನು ಎದುರಿಗಿಟ್ಟುಕೊಂಡು, ಅದರ ವೃತ್ತ ಮತ್ತು ಕಂಬಗಳನ್ನು ಕತ್ತರಿಸಿ ಜೋಡಿಸಿ ಕನ್ನಡ ಅಕ್ಷರ ಮಾಡುತ್ತಾರೆ. ಹಾಗೆ ಮಾಡಿದ ‘ರ’ ಇಂಗ್ಲಿಷಿನ ಓ ಅಕ್ಷರಕ್ಕೆ ಟೋಪಿ ತೊಡಿಸಿದಂತೆ ಕಾಣುತ್ತದೆ. ಸಾಲಿನಲ್ಲಿ ಅದು ಕನ್ನಡವಾಗಿ ಕೂಡುವುದಿಲ್ಲ. ಜ್ಯಾಮಿತಿ ಕನ್ನಡಕ್ಕೆ ಹೊರಗಿನಿಂದ ಬರಬೇಕಾದ್ದಲ್ಲ. ಕನ್ನಡ ಲಿಪಿಯ ಮೂಲರೂಪವೇ ಜ್ಯಾಮಿತೀಯವಾಗಿತ್ತು. ಆ ಎಲುಬು ಇಂದಿನ ಅಕ್ಷರಗಳಲ್ಲಿ ಇನ್ನೂ ಇದೆ.

ಆ ಮೂಲರೂಪ ಮೌರ್ಯ ಅಶೋಕನ ಕಾಲದ ಬ್ರಾಹ್ಮಿ. ಕ್ರಿ.ಪೂ. ಮೂರನೆಯ ಶತಮಾನದ ಅಶೋಕನ ಶಾಸನಗಳು ಕರ್ನಾಟಕದಲ್ಲಿ ಮಸ್ಕಿ, ಕೊಪ್ಪಳ, ಸನ್ನತಿ, ನಿಟ್ಟೂರು, ಉಡೇಗೋಳ ಮೊದಲಾದ ಕಡೆ ಸಿಕ್ಕಿವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಶಾಸನಗಳನ್ನು ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಈ ಮೂರನ್ನೂ ಬರೆದವನ ಹೆಸರು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯಲ್ಲಿ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡು ಲಿಪಿ ಬಲ್ಲವನ ಹೆಮ್ಮೆ ಆ ಸಹಿಯಲ್ಲಿದೆ.

ಚಪಡ ಬರೆದ ಬ್ರಾಹ್ಮಿಯಲ್ಲಿ ‘ಕ’ ಎಂದರೆ ಅಡ್ಡಗೆರೆಯೊಂದು ಉದ್ದಗೆರೆಯನ್ನು ದಾಟಿದ ಕೂಡುವ ಚಿಹ್ನೆ. ‘ಠ’ ಪೂರ್ಣ ವೃತ್ತ, ‘ಥ’ ನಡುವೆ ಚುಕ್ಕೆಯಿಟ್ಟ ವೃತ್ತ, ‘ಬ’ ಚೌಕ, ‘ಏ’ ತ್ರಿಕೋನ. ‘ಗ’ ಎರಡು ಓರೆಗೆರೆಗಳು ಮೇಲೆ ಕೂಡಿದ ಚಾವಣಿ. ‘ನ’ ಅಡ್ಡಗೆರೆಯ ಮೇಲೆ ನಿಂತ ಕಂಬ. ‘ಇ’ ಮೂರು ಚುಕ್ಕೆ. ಸ್ವರಚಿಹ್ನೆಗಳ ವ್ಯವಸ್ಥೆ ಇನ್ನೂ ಅಚ್ಚುಕಟ್ಟು: ಅಕ್ಷರದ ತಲೆಯಿಂದ ಬಲಕ್ಕೊಂದು ಗೆರೆ ಎಳೆದರೆ ಆಕಾರ, ಎಡಕ್ಕೆ ಎಳೆದರೆ ಏಕಾರ, ಎರಡೂ ಕಡೆ ಎಳೆದರೆ ಓಕಾರ. ಬಲಗಡೆ ಒಂದು ಚುಕ್ಕೆಯಿಟ್ಟರೆ ಅನುಸ್ವಾರ. ಆ ಚುಕ್ಕೆ ದಕ್ಷಿಣದಲ್ಲಿ ಹಿಗ್ಗಿ ಕನ್ನಡದ ಸೊನ್ನೆಯಾಯಿತು. ಇಂದಿಗೂ ಅದು ಅಕ್ಷರದ ಬಲಕ್ಕೇ ಇದೆ. ಇಪ್ಪತ್ತನೆಯ ಶತಮಾನದ ಯುರೋಪಿನ ವಿನ್ಯಾಸಕರು ಹಂಬಲಿಸಿದ ಮಿತವ್ಯಯವೆಲ್ಲ ಇಲ್ಲಿ ಬಹಳ ಹಿಂದೆಯೇ ಸಿದ್ಧವಾಗಿತ್ತು.

ಬ್ರಾಹ್ಮಿಯ ಗೆರೆಗಳಿಗೆ ತಲೆಯೂ ಇಲ್ಲ, ಪಾದವೂ ಇಲ್ಲ. ತಲೆ ಬಂದದ್ದು ನಿಧಾನವಾಗಿ. ಕದಂಬರ ಕಾಲಕ್ಕೆ, ಎಂದರೆ ಕ್ರಿ.ಶ. ನಾಲ್ಕು-ಐದನೆಯ ಶತಮಾನಕ್ಕೆ, ಅದು ಸ್ಪಷ್ಟ ಆಕಾರ ಪಡೆಯಿತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವನ್ನು ಹತ್ತಿರದಿಂದ ನೋಡಿದರೆ ಪ್ರತಿ ಅಕ್ಷರದ ನೆತ್ತಿಯ ಮೇಲೂ ಒಂದು ಪುಟ್ಟ ಚೌಕ ಕಾಣುತ್ತದೆ. ಆ ಚೌಕದಿಂದ ಕಂಬಗೆರೆ ಕೆಳಗಿಳಿಯುತ್ತದೆ, ಸ್ವರಚಿಹ್ನೆಗಳು ಅದರಿಂದಲೇ ಹೊರಡುತ್ತವೆ. ಲಿಪಿತಜ್ಞರು ಇದನ್ನು ಚೌಕತಲೆಯ ಲಿಪಿ ಎನ್ನುತ್ತಾರೆ. ವಾಕಾಟಕರ ಶಾಸನಗಳಲ್ಲೂ ಈ ಬಗೆ ಇದೆ. ತಾಳಗುಂದದ ಸಂಸ್ಕೃತ ಕಾವ್ಯವನ್ನು ರಚಿಸಿದ ಕುಬ್ಜನೇ ಅದನ್ನು ಕಲ್ಲಿನ ಮೇಲೂ ಬರೆದ. ಕವಿಯೇ ಲಿಪಿಕಾರನಾದ್ದರಿಂದಲೋ ಏನೋ, ಅಕ್ಷರಗಳ ನಡುವಿನ ಜಾಗ ಆರಂಭದಿಂದ ಕೊನೆಯವರೆಗೆ ಹದ ತಪ್ಪಿಲ್ಲ. ಜ್ಯಾಮಿತೀಯ ಫಾಂಟಿಗೆ ಕನ್ನಡ ನಾಡಿನಲ್ಲಿ ಒಂದೇ ಮಾದರಿ ಆರಿಸಿಕೊಳ್ಳಬೇಕಾದರೆ ತಾಳಗುಂದವನ್ನು ಮೀರಿಸಿದ್ದು ಸಿಗುವುದು ಕಷ್ಟ.

ಬೆಳಗಾವಿ ಜಿಲ್ಲೆಗೂ ಈ ಕಾಲದ ನಂಟಿದೆ. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಪಲಾಶಿಕೆ. ಅಲ್ಲಿ ಸಿಕ್ಕ ಕಾಕುಸ್ಥವರ್ಮ, ಮೃಗೇಶವರ್ಮ, ರವಿವರ್ಮ, ಹರಿವರ್ಮರ ತಾಮ್ರಪಟಗಳನ್ನು ಬಾಂಬೆ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ತಾಮ್ರದ ತಗಡಿನ ಮೇಲೆ ಕೊರೆದ ಗೆರೆ ಕಲ್ಲಿನ ಗೆರೆಯಂತಲ್ಲ. ತೆಳುವಾಗಿ, ಚೂಪಾಗಿ, ಕೈಯ ಓಟವನ್ನು ಹೆಚ್ಚು ತೋರಿಸುತ್ತದೆ. ಒಂದೇ ಕಾಲದ ಒಂದೇ ಲಿಪಿ ಎರಡು ವಸ್ತುಗಳ ಮೇಲೆ ಹೇಗೆ ಬೇರೆಯಾಗುತ್ತದೆ ಎಂದು ತಿಳಿಯಲು ತಾಳಗುಂದವನ್ನೂ ಹಲಸಿಯ ಪಟಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಅಲ್ಲಿಂದ ಮುಂದೆ ಗೆರೆಗಳು ಬಾಗತೊಡಗುತ್ತವೆ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಳೇಶನ 578ರ ಶಾಸನ, ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ 634ರ ಶಾಸನ, ಸುಮಾರು 700ರ ಕಪ್ಪೆ ಅರಭಟ್ಟನ ಶಾಸನ ಇವುಗಳಲ್ಲಿ ಅಕ್ಷರ ಹಂತಹಂತವಾಗಿ ದುಂಡಗಾಗುವುದು ಕಾಣುತ್ತದೆ. ಓಲೆಗರಿಯ ಮೇಲೆ ಕಂಟದಿಂದ ನೇರ ಅಡ್ಡಗೆರೆ ಎಳೆದರೆ ಗರಿ ಎಳೆಯುದ್ದಕ್ಕೂ ಸೀಳುತ್ತದೆ, ಆದ್ದರಿಂದ ಅಕ್ಷರ ದುಂಡಗಾಯಿತು ಎಂಬುದು ಎಲ್ಲರೂ ಹೇಳುವ ಕಾರಣ. ಅದರಲ್ಲಿ ಸತ್ಯವಿದೆ, ಆದರೆ ಅದೊಂದೇ ಸಾಲದು. ಕನ್ನಡದ ತಲಕಟ್ಟೇ ಒಂದು ಅಡ್ಡಗೆರೆ, ಅದು ಗರಿಯ ಮೇಲೂ ಉಳಿದುಕೊಂಡಿತು. ಕೈ ಎತ್ತದೆ ವೇಗವಾಗಿ ಬರೆಯುವ ಅಭ್ಯಾಸವೂ ಮೂಲೆಗಳನ್ನು ಸವೆಸಿರಬೇಕು. ‘ರ’ದ ಕಥೆಯಲ್ಲಿ ಇದು ಸ್ಪಷ್ಟ. ಬ್ರಾಹ್ಮಿಯಲ್ಲಿ ಅದು ಬರೀ ನಿಂತ ಗೆರೆ. ಕದಂಬರ ಕಾಲಕ್ಕೆ ಗೆರೆಯ ತುದಿ ಎಡಕ್ಕೆ ಬಾಗಿ ಮೇಲೇರಿತು. ಏರುತ್ತ ಏರುತ್ತ ತಲೆಯವರೆಗೆ ಹೋಗಿ ಮುಚ್ಚಿಕೊಂಡು ಉಂಗುರವಾಯಿತು. ವೃತ್ತವಾಗಿಯೇ ಹುಟ್ಟಿದ ‘ಠ’ಕ್ಕೂ ವೃತ್ತವಾಗಿ ಬೆಳೆದ ‘ರ’ಕ್ಕೂ ಈಗ ನಡುವಿನ ಒಂದು ಚುಕ್ಕೆಯಷ್ಟೇ ವ್ಯತ್ಯಾಸ. ‘ಗ’ದ ಚಾವಣಿ ದುಂಡಗಾಗಿ ಕಮಾನಾಯಿತು, ಅದರ ಮೇಲೆ ತಲಕಟ್ಟು ಬಂತು. ‘ಕ’ದ ಉದ್ದಗೆರೆಯ ಕೆಳತುದಿ ಸುತ್ತಿಕೊಂಡು ಹೊಟ್ಟೆಯಾಯಿತು, ಅಡ್ಡಗೆರೆ ಮಾತ್ರ ಇದ್ದಲ್ಲೇ ಇದೆ. ‘ಇ’ಯ ಮೂರು ಚುಕ್ಕೆಗಳಲ್ಲಿ ಒಂದು ಮೇಲಿನ ಬಾಗುಗೆರೆಯಾಗಿ, ಉಳಿದೆರಡು ಕೆಳಗಿನ ಸುಳಿಗಳಾದವು.

ಬೆಳಗಾವಿ ಜಿಲ್ಲೆಯ ಕೌಜಲಗಿ, ಕಲ್ಲೋಳಿಗಳ ಸುತ್ತಮುತ್ತಲ ನಾಡು ಸವದತ್ತಿ ಮತ್ತು ಬೆಳಗಾವಿಯಿಂದ ಆಳಿದ ರಟ್ಟರ ‘ಕುಂಡಿ ಮೂರು ಸಾವಿರ’ ಎಂಬ ಪ್ರಾಂತದೊಳಗಿತ್ತು. ಕಲ್ಲೋಳಿಯ ಶಾಸನ ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಅದರ ತೇದಿ ಶಕ 1127, ಎಂದರೆ ಕ್ರಿ.ಶ. 1204-05. ಈ ಹೊತ್ತಿಗೆ ಅಕ್ಷರ ಇಂದಿನ ಕನ್ನಡಕ್ಕೆ ಬಹಳ ಹತ್ತಿರ ಬಂದಿದೆ. ಚೌಕತಲೆ ಚಪ್ಪಟೆಯಾಗಿ ಅಡ್ಡಕ್ಕೆ ಹರಡಿ ತಲಕಟ್ಟಾಗಿದೆ. ಎಲ್ಲ ಅಕ್ಷರಗಳೂ ಒಂದೇ ಎತ್ತರದ ಉಂಗುರಗಳಂತೆ ಒತ್ತೊತ್ತಾಗಿ ಕೂತಿರುತ್ತವೆ. ಅಭ್ಯಾಸವಿಲ್ಲದವರೂ ಸ್ವಲ್ಪ ಹೊತ್ತು ದಿಟ್ಟಿಸಿದರೆ ಹಲವು ಅಕ್ಷರಗಳನ್ನು ಹೆಕ್ಕಬಹುದು. ಇಂಥ ಶಾಸನಗಳ ಕೊನೆಯಲ್ಲಿ ಅನೇಕ ವೇಳೆ ಇಬ್ಬರ ಹೆಸರು ಬರುತ್ತದೆ: ಬರೆದವನದು ಮತ್ತು ಕಂಡರಿಸಿದ ರೂವಾರಿಯದು. ಲಿಪಿಕಾರ ಕಲ್ಲಿನ ಮೇಲೆ ಬರೆದುಕೊಟ್ಟ ಗೆರೆಯನ್ನು ರೂವಾರಿ ಉಳಿಯಿಂದ ತೆಗೆಯುತ್ತಿದ್ದ. ಆದ್ದರಿಂದ ಕಲ್ಲಿನ ಅಕ್ಷರದಲ್ಲಿ ಎರಡು ಪದರ ಇವೆ. ಕೆಳಗೆ ಬರವಣಿಗೆಯ ಓಟ, ಮೇಲೆ ಉಳಿಯ ಏಟು. ಫಾಂಟ್ ಮಾಡುವವರು ಯಾವ ಪದರವನ್ನು ಹಿಡಿಯುತ್ತೇವೆ ಎಂದು ಮೊದಲೇ ತೀರ್ಮಾನಿಸಬೇಕು. ಉಳಿಯ ಏಟಿನ ಒರಟನ್ನು ಹಿಡಿದರೆ ಫಾಂಟ್ ಪುರಾತನ ವೇಷ ತೊಟ್ಟಂತಾಗುತ್ತದೆ. ಸಿನಿಮಾ ಶೀರ್ಷಿಕೆಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇವೆ. ಜ್ಯಾಮಿತಿ ಬೇಕಾದವರು ಒರಟನ್ನು ಬಿಟ್ಟು ಎಲುಬನ್ನು ಹಿಡಿಯಬೇಕು.

ಎಲುಬನ್ನು ಹುಡುಕುವ ಕೆಲಸ ಪಡಿಯಚ್ಚಿನಿಂದ ಆರಂಭವಾಗುತ್ತದೆ. ಒದ್ದೆ ಕಾಗದವನ್ನು ಶಾಸನದ ಮೇಲೆ ಹರಡಿ, ಬ್ರಷ್ಷಿನಿಂದ ಬಡಿದು ಅಕ್ಷರದ ಕುಳಿಗಳೊಳಗೆ ಇಳಿಸಿ, ಮೇಲೆ ಶಾಯಿ ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಕಲ್ಲನ್ನು ನೇರ ಫೋಟೊ ತೆಗೆದಾಗ ಬೆಳಕಿನ ದಿಕ್ಕಿಗೆ ತಕ್ಕಂತೆ ಗೆರೆ ದಪ್ಪ ತೆಳುವಾಗಿ ಕಾಣುತ್ತದೆ. ಪಡಿಯಚ್ಚಿನಲ್ಲಿ ಆ ತೊಂದರೆ ಕಡಿಮೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ನಡೆಸುತ್ತಿರುವ ಶಾಸನಗಳ ಡಿಜಿಟಲ್ ಸಂರಕ್ಷಣಾ ಯೋಜನೆ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಹಾಗೆ ದೊರೆತ ಬಿಡಿ ಅಕ್ಷರಗಳ ಚಿತ್ರಗಳನ್ನು ‘ಅಕ್ಷರ ಭಂಡಾರ’ವಾಗಿ ಕೂಡಿಡುವ ಕೆಲಸವೂ ಅಲ್ಲಿ ನಡೆದಿದೆ. ಫಾಂಟ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹೋಲಿಕೆಗೆ ಹಳೆಯ ಪಟ್ಟಿಗಳೂ ಇವೆ. ಎ. ಸಿ. ಬರ್ನೆಲ್ ಅವರ ದಕ್ಷಿಣ ಭಾರತದ ಲಿಪಿಶಾಸ್ತ್ರದ ಪುಸ್ತಕ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಜಾರ್ಜ್ ಬ್ಯೂಲರ್ 1896ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಭಾರತೀಯ ಲಿಪಿಶಾಸ್ತ್ರವನ್ನು 1904ರಲ್ಲಿ ಇಂಗ್ಲಿಷಿನಲ್ಲಿ ಹೊರತಂದವರು ಅದೇ ಫ್ಲೀಟ್. ಕನ್ನಡದಲ್ಲಿ ಎ. ವಿ. ನರಸಿಂಹಮೂರ್ತಿ ಅವರ ‘ಕನ್ನಡ ಲಿಪಿಯ ಉಗಮ ಮತ್ತು ವಿಕಾಸ’ ಈ ದಾರಿಯನ್ನು ಶತಮಾನದಿಂದ ಶತಮಾನಕ್ಕೆ ತೋರಿಸುತ್ತದೆ. ಆದರೆ ಪಟ್ಟಿಯಿಂದ ಒಂದೊಂದೇ ಅಕ್ಷರ ಎತ್ತಿಕೊಳ್ಳುವುದರಲ್ಲಿ ಅಪಾಯವಿದೆ. ‘ಕ’ವನ್ನು ಐದನೆಯ ಶತಮಾನದಿಂದ, ‘ಮ’ವನ್ನು ಹನ್ನೆರಡನೆಯದರಿಂದ ತೆಗೆದುಕೊಂಡರೆ ಅವು ಒಂದೇ ಸಾಲಿನಲ್ಲಿ ಒಂದೇ ಮನೆಯವರಂತೆ ನಿಲ್ಲುವುದಿಲ್ಲ. ಒಂದೇ ಶಾಸನದ ಪೂರ್ತಿ ಸಾಲುಗಳನ್ನು ನೋಡಿ, ಅಕ್ಷರಗಳ ನಡುವಿನ ಸಂಬಂಧವನ್ನು ಅಳೆಯುವುದೇ ಸರಿಯಾದ ಕ್ರಮ.

ಅಳತೆಯ ನಂತರ ಗ್ರಾಫ್ ಹಾಳೆ. ಪರದೆಯ ಮೇಲೆ ಒಂದು ಅಕ್ಷರದ ಚೌಕಟ್ಟನ್ನು ಸಾಮಾನ್ಯವಾಗಿ 1000 ಘಟಕಗಳಾಗಿ ವಿಭಾಗಿಸುತ್ತಾರೆ. ಅದರೊಳಗೆ ಗೆರೆಯ ದಪ್ಪ, ವೃತ್ತದ ಅಗಲ, ನೆತ್ತಿಯ ಚೌಕದ ಬಾಹು, ಇವನ್ನು ಒಂದಕ್ಕೊಂದು ಸರಳ ಪ್ರಮಾಣದಲ್ಲಿ ಗೊತ್ತುಮಾಡಬೇಕು. ಗೆರೆ 80 ಘಟಕವಾದರೆ ನೆತ್ತಿಯ ಚೌಕ 160 ಇರಬಹುದು, ಉಂಗುರ 480. ಇಷ್ಟಾದ ಮೇಲೆ ಅಕ್ಷರಗಳನ್ನು ಕಟ್ಟುವುದು ಸುಲಭ ಎನಿಸುತ್ತದೆ. ತೊಡಕು ಶುರುವಾಗುವುದೇ ಇಲ್ಲಿ.

ಮೊದಲ ತೊಡಕು ತಲಕಟ್ಟಿನದು. ಕದಂಬರ ಚೌಕವೇ ತಲಕಟ್ಟಿನ ಪೂರ್ವಜನಾದ್ದರಿಂದ ತಲಕಟ್ಟಿನ ಜಾಗದಲ್ಲಿ ಚೌಕವಿಟ್ಟರಾಯಿತು ಎಂದು ಮೊದಲಿಗೆ ತೋರುತ್ತದೆ. ‘ಕೌಜಲಗಿ’ ಎಂದು ಬರೆದು ನೋಡಿದರೆ ಈ ಉಪಾಯ ಅಲ್ಲೇ ಕುಸಿಯುತ್ತದೆ. ‘ಕೌ’ದಲ್ಲಿ ತಲಕಟ್ಟನ್ನು ಔತ್ವ ನುಂಗಿದೆ. ‘ಜ’ ಮತ್ತು ‘ಲ’ಗಳಿಗೆ ತಲಕಟ್ಟೇ ಇಲ್ಲ. ‘ಗಿ’ಯಲ್ಲಿ ತಲಕಟ್ಟಿನ ಜಾಗಕ್ಕೆ ಗುಡಿಸು ಬಂದಿದೆ. ನಾಲ್ಕು ಅಕ್ಷರಗಳ ಹೆಸರಿನಲ್ಲಿ ಒಂದೂ ತಲಕಟ್ಟಿಲ್ಲ, ಹಾಗಾಗಿ ಒಂದೂ ಚೌಕವಿಲ್ಲ. ಫಾಂಟಿನ ಇಡೀ ಗುರುತೇ ಮಾಯ. ಪಕ್ಕದ ‘ಗೋಕಾಕ’ದಲ್ಲಿ ಕೊನೆಯ ‘ಕ’ಕ್ಕೆ ಮಾತ್ರ ಒಂದು ಚೌಕ ಬಂದು, ಅದು ಊರ ಹೆಸರಿನ ತುದಿಯಲ್ಲಿ ಒಂಟಿಯಾಗಿ ಉಳಿಯುತ್ತದೆ. ‘ಮೂಡಲಗಿ’ಯಲ್ಲಿ ಮೊದಲೆರಡು ಅಕ್ಷರಕ್ಕೆ ಚೌಕ, ಮುಂದಿನೆರಡು ಬೋಳು.

ಉತ್ತರ ತಾಳಗುಂದದ ಕಲ್ಲಿನಲ್ಲೇ ಇದೆ. ಅಲ್ಲಿ ಚೌಕ ಅಕ್ಷರದ ಅಲಂಕಾರವಲ್ಲ, ಗೆರೆ ಹೊರಡುವ ತಾಣ. ಸ್ವರಚಿಹ್ನೆ ಬಂದಾಗ ಚೌಕ ಮಾಯವಾಗುವುದಿಲ್ಲ, ಚಿಹ್ನೆ ಅದರಿಂದ ಹೊರಡುತ್ತದೆ. ಈ ನಿಯಮವನ್ನು ಹಿಡಿದರೆ ‘ಗಿ’ಯ ಗುಡಿಸು ಚೌಕದಿಂದಲೇ ಎದ್ದು ಕಾಲುವೃತ್ತವಾಗಿ ಬಾಗಬಹುದು, ‘ಕೌ’ದ ಔತ್ವ ಅದೇ ಚೌಕದಿಂದ ಬಲಕ್ಕೆ ಹರಿಯಬಹುದು. ತಲಕಟ್ಟಿಲ್ಲದ ‘ಜ’, ‘ಲ’, ‘ಬ’, ‘ಖ’, ‘ಟ’, ‘ಣ’ಗಳಿಗೆ ಗೆರೆಯ ಆರಂಭದ ತುದಿಯಲ್ಲಿ, ಅಕ್ಷರದ ಒಳಗೇ ಆದರೂ, ಚೌಕವಿಡಬಹುದು. ಆಗ ಚೌಕಗಳು ಒಂದೇ ಸಾಲಿನಲ್ಲಿ ಇರುವುದಿಲ್ಲ, ಏರಿಳಿಯುತ್ತವೆ. ಅದರಿಂದ ಅಂದ ಕೆಡುವುದಿಲ್ಲ, ಸಾಲಿಗೆ ಲಯ ಬರುತ್ತದೆ. ದೇವನಾಗರಿಯ ಶಿರೋರೇಖೆಯಂತೆ ಎಲ್ಲವನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುವ ಆಸೆಯನ್ನು ಇಲ್ಲಿ ಬಿಡಬೇಕು.

ಎರಡನೆಯ ತೊಡಕು ಅಕ್ಷರಗಳ ಹೋಲಿಕೆ. ಕೈಬರಹದಲ್ಲಿ ಸಣ್ಣ ಓರೆ, ಸಣ್ಣ ಸುಳಿ ಅಕ್ಷರಗಳನ್ನು ಬೇರ್ಪಡಿಸುತ್ತವೆ. ಜ್ಯಾಮಿತಿ ಅವನ್ನೆಲ್ಲ ಒರೆಸಿಬಿಡುತ್ತದೆ. ‘ಪ’ ಮತ್ತು ‘ವ’, ‘ಮ’ ಮತ್ತು ‘ವು’, ‘ಯ’ ಮತ್ತು ‘ಮ’ ಒಂದರೊಳಗೊಂದು ಸೇರಿಹೋಗುತ್ತವೆ. ‘ದ-ಧ’, ‘ಡ-ಢ’, ‘ಪ-ಫ’ ಜೋಡಿಗಳನ್ನು ಬೇರೆ ಮಾಡುವುದು ಶಾಲೆಯಲ್ಲಿ ಹೊಟ್ಟೆ ಸೀಳುವುದು ಎಂದು ಹೇಳಿಕೊಡುವ ಒಂದು ಗೆರೆ. ದಪ್ಪ ಅಕ್ಷರದಲ್ಲಿ ಆ ಸೀಳು ಮುಚ್ಚಿಹೋಗುತ್ತದೆ. ಇಂಥ ಕಡೆ ಪಟ್ಟುಹಿಡಿದು ನಿಯಮ ಪಾಲಿಸಬಾರದು. ‘ಪ’ದ ಮೇಲಿನ ಬಾಯಿಯನ್ನು ನಿಯಮಕ್ಕಿಂತ ಹೆಚ್ಚು ತೆರೆಯಬೇಕು, ಸೀಳುಗೆರೆಯನ್ನು ಅಕ್ಷರದ ಕೆಳಗೆ ಚಾಚಬೇಕು, ‘ಠ’ದ ಚುಕ್ಕೆಯನ್ನು ಪೂರ್ಣ ಚೌಕವಾಗಿ ದೊಡ್ಡದು ಮಾಡಬೇಕು. ಓದುಗನ ಕಣ್ಣು ಹುಡುಕುವುದು ಅಕ್ಷರದ ಒಟ್ಟು ಆಕಾರವನ್ನಲ್ಲ, ಪಕ್ಕದ ಅಕ್ಷರಕ್ಕಿಂತ ಅದು ಎಲ್ಲಿ ಬೇರೆ ಎಂಬ ಜಾಗವನ್ನು. ಆ ಜಾಗವೊಂದನ್ನು ಕಾಪಾಡಿಕೊಂಡರೆ ಉಳಿದದ್ದನ್ನು ಎಷ್ಟು ಬೇಕಾದರೂ ಸರಳ ಮಾಡಬಹುದು.

ಒತ್ತಕ್ಷರಗಳ ವಿಷಯ ಬಹಳ ಸೊಗಸಿನದು. ಹೆಚ್ಚಿನ ವ್ಯಂಜನಗಳ ಒತ್ತು ತಲಕಟ್ಟು ತೆಗೆದ ಪುಟ್ಟ ಅಕ್ಷರವೇ. ‘ಹುಕ್ಕೇರಿ’ಯ ಕಕಾರದ ಒತ್ತು ಹಾಗಿದೆ. ಆದರೆ ತ, ನ, ಮ, ಯ, ರ, ಲಗಳ ಒತ್ತುಗಳು ಇಂದಿನ ಅಕ್ಷರವನ್ನು ಹೋಲುವುದಿಲ್ಲ. ಅವು ಹಳೆಯ ರೂಪಗಳ ಉಳಿಕೆ. ಸಾಲಿನ ಮೇಲಿದ್ದ ‘ರ’ ಉಂಗುರವಾಗಿ ಮುಚ್ಚಿಕೊಂಡಿತು. ಕೆಳಗಿದ್ದ ರಕಾರದ ಒತ್ತು ಬ್ರಾಹ್ಮಿಯ ಒಂಟಿ ಗೆರೆಯ ಬಾಗಿದ ರೂಪವಾಗಿಯೇ ಉಳಿಯಿತು. ಕನ್ನಡಿಗರು ದಿನವೂ ಬರೆಯುವ ‘ಕ್ರಮ’, ‘ಪತ್ರ’, ‘ಅಮ್ಮ’, ‘ತಮ್ಮ’ ಎಂಬ ಮಾತುಗಳ ಕೆಳಗೆ ಶಾಸನಕಾಲದ ಗೆರೆಗಳು ಇನ್ನೂ ಜೀವಂತ ಓಡಾಡುತ್ತಿವೆ. ಹಳೆಯ ಬರಹದಿಂದ ಸ್ಫೂರ್ತಿ ಪಡೆಯುವ ಫಾಂಟಿಗೆ ಇದು ಸಿದ್ಧವಾಗಿ ಸಿಗುವ ಸೇತುವೆ. ಒತ್ತಿನಲ್ಲಿರುವ ಹಳೆಯ ರೂಪವನ್ನು ದೊಡ್ಡದು ಮಾಡಿ ಮೇಲಿನ ಅಕ್ಷರಕ್ಕೆ ಸುಳಿವು ಪಡೆಯಬಹುದು. ಓದುಗನಿಗೆ ಆ ಗೆರೆ ಹೊಸದೆನಿಸುವುದಿಲ್ಲ. ಅರ್ಕಾವತ್ತಿಗೂ ಇಂಥ ಇತಿಹಾಸವಿದೆ: ಹಿಂದೆ ಅಕ್ಷರದ ನೆತ್ತಿಯ ಮೇಲಿದ್ದ ರಕಾರ ಕನ್ನಡದಲ್ಲಿ ಬಲಕ್ಕೆ ಇಳಿದು ಕೂತಿದೆ.

ಒತ್ತಿನಿಂದ ಸಾಲಿನ ಎತ್ತರದ ಸಮಸ್ಯೆಯೂ ಬರುತ್ತದೆ. ಮೇಲೆ ಗುಡಿಸು ಮತ್ತು ಏತ್ವ, ನಡುವೆ ಅಕ್ಷರ, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿಗೆ ಇನ್ನೊಂದು ಒತ್ತು. ಮೊಳೆ ಜೋಡಿಸುವ ಕಾಲದಲ್ಲಿ ಇದಕ್ಕಾಗಿ ಸಾಲುಗಳ ನಡುವೆ ಹೆಚ್ಚು ಜಾಗ ಬಿಡುತ್ತಿದ್ದರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದಂದಿನಿಂದ ಮುದ್ರಕರು ಇದರೊಂದಿಗೆ ಹೆಣಗಿದ್ದಾರೆ. ಶಾಸನದ ಲಿಪಿಕಾರನಿಗೆ ಆ ಗೊಡವೆ ಇರಲಿಲ್ಲ. ಮುಂದಿನ ಸಾಲಿನಲ್ಲಿ ಎಲ್ಲಿ ಜಾಗವಿದೆಯೋ ಅಲ್ಲಿಗೆ ಒತ್ತನ್ನು ಇಳಿಬಿಡುತ್ತಿದ್ದ. ಯಂತ್ರದ ಫಾಂಟಿಗೆ ಆ ಸ್ವಾತಂತ್ರ್ಯವಿಲ್ಲ. ಒತ್ತನ್ನು ಚಿಕ್ಕದಾಗಿಸಿದರೆ ಗೆರೆಯೂ ತೆಳುವಾಗುತ್ತದೆ, ಒಂದೇ ದಪ್ಪದ ನಿಯಮ ಮುರಿಯುತ್ತದೆ. ಆದ್ದರಿಂದ ಒತ್ತನ್ನು ಕುಗ್ಗಿಸದೆ, ಅದೇ ದಪ್ಪದ ಗೆರೆಯಲ್ಲಿ ಬೇರೆಯಾಗಿಯೇ ಬರೆಯಬೇಕು.

ಲೆಕ್ಕದಲ್ಲಿ ಸರಿಯಾದದ್ದು ಕಣ್ಣಿಗೆ ಸರಿ ಕಾಣುವುದಿಲ್ಲ ಎನ್ನುವುದು ಜ್ಯಾಮಿತೀಯ ಅಕ್ಷರಗಳ ಮತ್ತೊಂದು ಗುಟ್ಟು. ಒಂದೇ ಎತ್ತರದ ಚೌಕದ ಪಕ್ಕ ವೃತ್ತವಿಟ್ಟರೆ ವೃತ್ತ ಚಿಕ್ಕದಾಗಿ ಕಾಣುತ್ತದೆ. ಅದನ್ನು ಮೇಲೆ ಕೆಳಗೆ ತುಸು ಹೊರಚಾಚಬೇಕು. ಒಂದೇ ದಪ್ಪದ ಅಡ್ಡಗೆರೆ ಉದ್ದಗೆರೆಗಿಂತ ದಪ್ಪ ಎನಿಸುತ್ತದೆ. ಉದ್ದಗೆರೆ 80 ಘಟಕವಾದರೆ ಅಡ್ಡಗೆರೆಯನ್ನು 74ಕ್ಕೋ 72ಕ್ಕೋ ಇಳಿಸಬೇಕು. ಎರಡು ಗೆರೆ ಕೂಡುವಲ್ಲಿ ಕಪ್ಪು ಗಂಟು ಬೀಳುತ್ತದೆ, ಅಲ್ಲಿ ಗೆರೆಯನ್ನು ಕೆತ್ತಿ ತೆಳುವಾಗಿಸಬೇಕು. ಕನ್ನಡದಲ್ಲಿ ಇಂಥ ಕೂಡುಜಾಗಗಳು ಇಂಗ್ಲಿಷಿಗಿಂತ ಬಹಳ ಹೆಚ್ಚು. ‘ಕ’ ಒಂದರಲ್ಲೇ ತಲಕಟ್ಟು ಕಂಬಕ್ಕೆ ಸೇರುವಲ್ಲಿ, ಅಡ್ಡಗೆರೆ ದಾಟುವಲ್ಲಿ, ಹೊಟ್ಟೆ ಮುಚ್ಚುವಲ್ಲಿ ಗಂಟುಗಳಿವೆ. ತಾಳಗುಂದದ ಕುಬ್ಜ ಇದನ್ನೆಲ್ಲ ಕಣ್ಣಳತೆಯಲ್ಲಿ ತೂಗಿಸಿದ್ದ. ಪಡಿಯಚ್ಚಿನ ಮೇಲೆ ಅಳತೆಪಟ್ಟಿ ಇಟ್ಟರೆ ಅವನ ಚೌಕಗಳು ಒಂದರಂತೆ ಒಂದಿಲ್ಲ. ಸಾಲಿನಲ್ಲಿ ಮಾತ್ರ ಸಮವಾಗಿ ಕಾಣುತ್ತವೆ.

ರೂಪ ಸಿದ್ಧವಾದ ಮೇಲೆ ಅದನ್ನು ಫಾಂಟಾಗಿ ಕಟ್ಟುವುದು ತಾಂತ್ರಿಕ ಕೆಲಸ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವಿದೆ. ಕಾಗುಣಿತ ಮತ್ತು ಒತ್ತುಗಳ ಜೋಡಣೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಬರೆಯಬೇಕಾದ ರೂಪಗಳು ನೂರಾರು. ಯಾವ ಅಕ್ಷರಕ್ಕೆ ಯಾವ ಚಿಹ್ನೆ ಬಂದಾಗ ಯಾವ ರೂಪ ತೋರಿಸಬೇಕೆಂಬ ಸೂಚನೆಗಳನ್ನು ಓಪನ್‌ಟೈಪ್ ನಿಯಮಗಳಾಗಿ ಫಾಂಟಿನೊಳಗೆ ಬರೆದಿಡಬೇಕು. ಬ್ರಾಹ್ಮಿಗೆ 2010ರಲ್ಲಿ ಯೂನಿಕೋಡ್‌ನ ಬೇರೆಯದೇ ಸ್ಥಾನಗಳು ದೊರೆತಿವೆ. ಪ್ರಾಯೋಗಿಕ ಫಾಂಟ್ ಎಷ್ಟೇ ಬ್ರಾಹ್ಮಿಯಂತೆ ಕಂಡರೂ ಅದು ಓದಿಸುವುದು ಕನ್ನಡವನ್ನಾದ್ದರಿಂದ ಕನ್ನಡದ ಸ್ಥಾನಗಳಲ್ಲೇ ಇರಬೇಕು. ಇಲ್ಲದಿದ್ದರೆ ಬರೆದದ್ದನ್ನು ಹುಡುಕಲೂ ಆಗದು, ಬೇರೆ ಫಾಂಟಿಗೆ ಬದಲಾಯಿಸಲೂ ಆಗದು. ಶಾಸನದ ಹೆಸರು ಹೇಳುವ ಫಾಂಟು ಱ ಮತ್ತು ೞ ಅಕ್ಷರಗಳನ್ನು ಬಿಡಲೂ ಬಾರದು. ಅವೆರಡೂ ಯೂನಿಕೋಡ್‌ನಲ್ಲಿವೆ, ಹಳಗನ್ನಡ ಓದುವವರಿಗೆ ಇಂದಿಗೂ ಬೇಕು, ಆದರೂ ಅನೇಕ ಫಾಂಟುಗಳಲ್ಲಿ ಅವನ್ನು ಕಾಟಾಚಾರಕ್ಕೆ ಸೇರಿಸಿರುತ್ತಾರೆ.

ಈಗಾಗಲೇ ಕನ್ನಡದಲ್ಲಿ ಈ ಹಾದಿಯ ಹತ್ತಿರ ಬಂದ ಕೆಲಸಗಳಿವೆ. ವೈಷ್ಣವಿ ಮೂರ್ತಿ ಎರ್ಕಡಿತ್ತಾಯ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’ ಪ್ರಾಯೋಗಿಕ ಶೀರ್ಷಿಕೆ ಫಾಂಟ್ ಎಂದೇ ಹೊರಬಂದಿದೆ. ಅದಕ್ಕೆ ತೆಲುಗಿನ ಜೊತೆಗಾರ ಫಾಂಟೂ ಇದೆ. ಎರಿನ್ ಮೆಕ್ಲಾಫ್ಲಿನ್ ಅವರ ‘ಹುಬ್ಬಳ್ಳಿ’ ಒಂದೇ ದಪ್ಪದ ಗೆರೆಯ ಸರಳ ಅಕ್ಷರ. ಏಕ್ ಟೈಪ್ ಸಂಸ್ಥೆಯ ‘ಅನೇಕ್ ಕನ್ನಡ’ದಲ್ಲಿ ಅಕ್ಷರದ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಅಗಲವನ್ನು ತೀರ ಕಿರಿದಾಗಿಸಿದಾಗ ಕನ್ನಡದ ಉಂಗುರಗಳು ಪಕ್ಕಗಳಲ್ಲಿ ನೆಟ್ಟಗಾಗಿ ಚೌಕದ ಕಡೆಗೆ ಹೊರಳುವುದನ್ನು ಅಲ್ಲಿ ಕಣ್ಣಾರೆ ನೋಡಬಹುದು. ಈ ಮೂರೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಫಾಂಟ್ ಎಂಬ ಮಾತೇ ಕೇಳದಿದ್ದ ಕಾಲದಲ್ಲಿ ಬೋರ್ಡು ಬರೆಯುವವರೂ ಈ ಕೆಲಸ ಮಾಡಿದ್ದಾರೆ. ಉತ್ತರ ಕರ್ನಾಟಕದ ಟ್ರ್ಯಾಕ್ಟರ್ ಟ್ರೇಲರ್, ಲಾರಿ, ಅಂಗಡಿ ಬೋರ್ಡುಗಳ ಮೇಲೆ ಪಟ್ಟಿ ಹಿಡಿದು ಎಳೆದ ಚೌಕ ಅಕ್ಷರಗಳು ಫ್ಲೆಕ್ಸ್ ಬರುವವರೆಗೆ ಎಲ್ಲೆಡೆ ಇದ್ದವು, ಈಗಲೂ ಅಲ್ಲಲ್ಲಿ ಇವೆ. ದೂರದಿಂದ ಓದಲು ಯಾವ ಮೂಲೆ ಇರಬೇಕು, ಯಾವುದು ಬೇಡ ಎಂಬ ತಿಳಿವಳಿಕೆ ಅವರ ಕೈಯಲ್ಲಿತ್ತು. ಅವನ್ನು ಫೋಟೊ ತೆಗೆದು ಕೂಡಿಡುವುದು ಪಡಿಯಚ್ಚು ತೆಗೆಯುವಷ್ಟೇ ಅಗತ್ಯದ ಕೆಲಸ.

ಕೊನೆಯ ಹಂತ ಪರೀಕ್ಷೆ. ಬಿಡಿ ಅಕ್ಷರಗಳನ್ನು ಸಾಲಾಗಿ ತೋರಿಸಿದರೆ ಪ್ರಯೋಜನವಿಲ್ಲ. ಅಕ್ಷರಮಾಲೆಯ ಕ್ರಮ ಗೊತ್ತಿರುವವರು ನೋಡದೆಯೇ ಓದುತ್ತಾರೆ. ಊರ ಹೆಸರುಗಳು, ಬಸ್ಸಿನ ಫಲಕಗಳು, ದಪ್ಪ ಒತ್ತುಗಳಿರುವ ಮಾತುಗಳು, ಓದುಗನಿಗೆ ಗೊತ್ತಿರದ ಹೆಸರುಗಳು, ಇವನ್ನು ಬೇರೆ ಬೇರೆ ಗಾತ್ರದಲ್ಲಿ ಅಚ್ಚು ಹಾಕಿ ಓದಿಸಬೇಕು. ‘ವಡೇರಹಟ್ಟಿ’, ‘ಕುಲಗೋಡ’, ‘ಬೆಟಗೇರಿ’, ‘ಅಂಕಲಗಿ’ ಇಂಥ ಹೆಸರುಗಳಲ್ಲಿ ವ, ಡ, ಹ, ಬ, ಟಗಳ ಪರೀಕ್ಷೆ ತಾನಾಗಿ ಆಗುತ್ತದೆ. ಎಲ್ಲಿ ಓದುಗ ತಡವರಿಸಿದನೋ ಆ ಅಕ್ಷರ ಮತ್ತೆ ಗ್ರಾಫ್ ಹಾಳೆಗೆ ಹೋಗುತ್ತದೆ. ಹೀಗೆ ಪಾಸಾದ ಫಾಂಟ್ ಪುಸ್ತಕದ ಹೊದಿಕೆ, ನಾಟಕದ ಪೋಸ್ಟರ್, ವಸ್ತುಸಂಗ್ರಹಾಲಯದ ಫಲಕ, ಸ್ಮಾರಕಗಳ ನಾಮಫಲಕಗಳಿಗೆ ಹೊಂದುತ್ತದೆ. ಸಣ್ಣ ಗಾತ್ರದ ಉದ್ದ ಬರಹಕ್ಕೆ ಅದನ್ನು ಬಳಸಬಾರದು. ಬಿಡುಗಡೆ ಮಾಡುವಾಗ ಮುಕ್ತ ಪರವಾನಗಿ ಕೊಟ್ಟರೆ, ಮೂಲ ಕಡತಗಳನ್ನೂ ಜೊತೆಗಿಟ್ಟರೆ, ಮುಂದೆ ಬರುವವರು ಬಾದಾಮಿಯ ಅಕ್ಷರದಿಂದಲೋ ರಟ್ಟರ ಕಾಲದ ಅಕ್ಷರದಿಂದಲೋ ಅದೇ ಚೌಕಟ್ಟಿನಲ್ಲಿ ಇನ್ನೊಂದು ರೂಪ ಕಟ್ಟಬಹುದು.